ಬಾಲಿಯ ತಂತ್ರಿ ಮತ್ತು ವಸುಭಾಗನ ಕಳೆದುಹೋದ ಪಂಚತಂತ್ರ

ಬಾಲಿ ದ್ವೀಪದ ಕ್ಲುಂಗ್‌ಕುಂಗ್ ಪಟ್ಟಣದಲ್ಲಿ ಕೆರ್ತಾ ಗೋಸ ಎಂಬ ಒಂದು ತೆರೆದ ಮಂಟಪವಿದೆ. ಇದು ಹಿಂದೆ ಅರಸರ ನ್ಯಾಯಸಭೆಯ ಸ್ಥಾನವಾಗಿತ್ತು. 1908ರ ಏಪ್ರಿಲ್ 28ರಂದು ಡಚ್ ಸೈನ್ಯ ಈ ರಾಜಧಾನಿಯನ್ನು ಮುತ್ತಿದಾಗ ಅರಸನೂ ಅವನ ಪರಿವಾರವೂ ಶರಣಾಗತರಾಗದೆ ಗುಂಡಿಗೆ ಎದೆಯೊಡ್ಡಿ ಮಡಿದರು, ಅರಮನೆ ನಾಶವಾಯಿತು, ಈ ಮಂಟಪ ಉಳಿಯಿತು. ಅದರ ಒಳಮಾಡಿನ ತುಂಬ ಕಾಮಾಸನ್ ಗ್ರಾಮದ ಚಿತ್ರಗಾರರು ಸಾಂಪ್ರದಾಯಿಕ ಶೈಲಿಯಲ್ಲಿ ಬರೆದ ಚಿತ್ರಗಳು ಸಾಲುಸಾಲಾಗಿವೆ. ಭೀಮನು ತಂದೆತಾಯಿಯರ ಆತ್ಮಗಳನ್ನರಸಿ ಯಮಲೋಕಕ್ಕೆ ಹೋದ ಕಥೆ ಮೇಲಿನ ಸಾಲುಗಳಲ್ಲಿ ವಿಸ್ತಾರವಾಗಿ ಹರಡಿದೆ. ಪ್ರವಾಸಿಗರ ಕಣ್ಣು ಸಹಜವಾಗಿ ಆ ನರಕದೃಶ್ಯಗಳ ಮೇಲೆಯೇ ನಿಲ್ಲುತ್ತದೆ. ಆದರೆ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿರುವುದು ಬೇರೊಂದು ಕಥೆ: ಒಬ್ಬ ಮಂತ್ರಿಪುತ್ರಿ ರಾಜನಿಗೆ ಹೇಳಿದ ಕಥೆ. ಬಾಲಿಯ ಜನ ಅದನ್ನು ಅವಳ ಹೆಸರಿನಿಂದಲೇ ‘ತಂತ್ರಿ’ ಎಂದು ಕರೆಯುತ್ತಾರೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ತಲೆಯೆತ್ತಿ ನೋಡಬೇಕಾದದ್ದು ಈ ಸಾಲನ್ನು.

ಕಥೆಯ ಚೌಕಟ್ಟು ಹೀಗಿದೆ. ಪಾಟಲೀನಗರದ ಅರಸ ಐಶ್ವರ್ಯಪಾಲ (ಬಾಲಿಯ ಪಾಠಗಳಲ್ಲಿ ಈಶ್ವರ್ಯದಲ ಎಂಬ ರೂಪವೂ ಉಂಟು) ಭೋಗಲಾಲಸೆಯಿಂದ ದಿನಕ್ಕೊಬ್ಬ ಹೊಸ ವಧುವನ್ನು ತನಗೆ ತಂದೊಪ್ಪಿಸಬೇಕೆಂದು ಮಂತ್ರಿಗೆ ಆಜ್ಞೆ ಮಾಡುತ್ತಾನೆ. ದಿನಗಳು ಕಳೆದಂತೆ ನಾಡಿನಲ್ಲಿ ಕನ್ಯೆಯರೇ ಇಲ್ಲವಾಗುತ್ತಾರೆ. ಮಂತ್ರಿ ಬಂಧೇಶ್ವರ್ಯ ಚಿಂತಾಕ್ರಾಂತನಾದಾಗ ಅವನ ಮಗಳು, ಸಕಲ ನೀತಿಶಾಸ್ತ್ರಗಳನ್ನು ಓದಿದ ತಂತ್ರಿ, ತಾನೇ ಹೋಗುವುದಾಗಿ ಹೇಳುತ್ತಾಳೆ. ಅಂದಿನ ರಾತ್ರಿ ಅರಮನೆಯಲ್ಲಿ ಅವಳು ಕಥೆ ತೆಗೆಯುತ್ತಾಳೆ. ಕಥೆಯೊಳಗೆ ಕಥೆ ಹುಟ್ಟುತ್ತ ಹೋಗಿ ಕೇಳುತ್ತಿದ್ದ ಅರಸನ ಮನಸ್ಸು ಭೋಗದಿಂದ ವಿವೇಕದ ಕಡೆಗೆ ಹೊರಳುತ್ತದೆ.

ಅವಳು ಹೇಳುವ ಮುಖ್ಯ ಕಥೆ ಕಾಡಿನಲ್ಲಿ ತೊರೆಯಲ್ಪಟ್ಟ ಎತ್ತು ಮತ್ತು ಸಿಂಹದ ಸ್ನೇಹದ್ದು. ಪಂಚತಂತ್ರ ಬಲ್ಲವರಿಗೆ ಇದು ಮಿತ್ರಭೇದದ ಕಥೆಯೆಂದು ಕೂಡಲೇ ತಿಳಿಯುತ್ತದೆ. ಆದರೆ ವಿವರಗಳು ಬೇರೆ. ಪ್ರಸಿದ್ಧ ಸಂಸ್ಕೃತ ಪಾಠಗಳಲ್ಲಿ ವ್ಯಾಪಾರಿಯ ಬಂಡಿಗೆ ಕಟ್ಟಿದ ಎತ್ತುಗಳೆರಡು, ಸಂಜೀವಕ ಮತ್ತು ನಂದಕ; ಕಾಡಿನಲ್ಲಿ ಉಳಿಯುವುದು ಸಂಜೀವಕ. ಬಾಲಿಯ ತಂತ್ರಿಯಲ್ಲಿ ಕಾಡಿನಲ್ಲಿ ಉಳಿಯುವ ಎತ್ತೇ ನಂದಕ. ಸಿಂಹದ ಹೆಸರು ಪಿಂಗಳಕನಲ್ಲ, ಚಂಡಪಿಂಗಳ. ಕರಟಕ ದಮನಕರ ಜಾಗದಲ್ಲಿ ಸಂಬದನೆಂಬ ನರಿ ಭೇದದ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕೊನೆ ಬೇರೆ. ಸಂಸ್ಕೃತದಲ್ಲಿ ಎತ್ತು ಸಾಯುತ್ತದೆ, ಸಿಂಹ ಕೆಲಕಾಲ ಮರುಗಿ ರಾಜ್ಯವಾಳುತ್ತದೆ. ಬಾಲಿಯಲ್ಲಿ ಎರಡೂ ಒಂದನ್ನೊಂದು ಇರಿದು ಸಾಯುತ್ತವೆ. ಚಾಡಿಮಾತಿಗೆ ಕಿವಿಗೊಟ್ಟ ಅರಸನೂ ಉಳಿಯುವುದಿಲ್ಲ ಎಂಬುದನ್ನು ಒಬ್ಬ ಅರಸನ ಎದುರಿಗೇ ಕುಳಿತು ಹೇಳುವ ಧೈರ್ಯ ಈ ಮಂತ್ರಿಪುತ್ರಿಯದು. ವಿಷ್ಣುಶರ್ಮನ ಎದುರಿಗಿದ್ದವರು ದಡ್ಡ ರಾಜಕುಮಾರರು. ಕಥೆ ರುಚಿಸದಿದ್ದರೂ ಗುರುವಿಗೆ ಪ್ರಾಣಭಯವಿರಲಿಲ್ಲ. ತಂತ್ರಿಯ ಸ್ಥಿತಿ ಹಾಗಲ್ಲ.

ಈ ಕಥಾಚಕ್ರ ಬಾಲಿಯಲ್ಲಿ ಹುಟ್ಟಿದ್ದಲ್ಲ. ಜಾವಾದಿಂದ ಅಲ್ಲಿಗೆ ಬಂದದ್ದು. ಪ್ರಾಚೀನ ಜಾವಾ ಭಾಷೆಯ ಗದ್ಯಗ್ರಂಥ ‘ತಂತ್ರಿ ಕಾಮಂದಕ’ ಮತ್ತು ಅನಂತರದ ಹಾಡುಗಬ್ಬಗಳು ಮಜಾಪಾಹಿತ್ ರಾಜ್ಯ ಅಳಿದ ಮೇಲೆ ಜಾವಾದಲ್ಲಿ ಬಹುಮಟ್ಟಿಗೆ ಮರೆತುಹೋದವು. ಬಾಲಿಯ ತಾಳೆಗರಿಗಳು ಅವನ್ನು ಕಾಪಾಡಿದವು. ಡಚ್ ವಿದ್ವಾಂಸ ಹೂಯ್‌ಕಾಸ್ 1929ರಲ್ಲಿ ಈ ಪರಂಪರೆಯ ಕುರಿತು ಪ್ರಬಂಧ ಬರೆದು, 1931ರಲ್ಲಿ ತಂತ್ರಿ ಕಾಮಂದಕವನ್ನು ಸಂಪಾದಿಸಿ ಪ್ರಕಟಿಸಿದ. ಆ ಗ್ರಂಥದ ರಚನೆಯೇ ಕನ್ನಡಿಗರಿಗೆ ಪರಿಚಿತವೆನಿಸುವಂತಿದೆ: ನಡುನಡುವೆ ಸಂಸ್ಕೃತ ಶ್ಲೋಕಗಳು, ಅವುಗಳ ಬೆನ್ನಿಗೆ ದೇಶಭಾಷೆಯ ವಿವರಣೆ.

ಆ ಗ್ರಂಥದಲ್ಲಿ ‘ಬಸುಭಾಗ’ ಎಂಬ ಹೆಸರು ಕಾಣುತ್ತದೆ. ಇಲ್ಲಿ ದುರ್ಗಸಿಂಹನನ್ನು ನೆನೆಯಬೇಕು. ಕಲ್ಯಾಣ ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 1031ರ ಸುಮಾರಿನಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದ. ತನ್ನ ಆಕರ ವಿಷ್ಣುಶರ್ಮನ ಕೃತಿಯಲ್ಲ, ವಸುಭಾಗಭಟ್ಟನ ಕೃತಿ ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಗುಣಾಢ್ಯನ ಪೈಶಾಚೀ ಬೃಹತ್ಕಥೆಯಿಂದ ಐದು ಕಥೆಗಳನ್ನು ಆಯ್ದು ವಸುಭಾಗ ಅದನ್ನು ಕಟ್ಟಿದನೆಂಬುದು ಅವನ ಮಾತು. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಅವನ ಪ್ರಕರಣಗಳ ಹೆಸರು ಹಾಗೂ ಕ್ರಮ ಕೂಡ ವಿಷ್ಣುಶರ್ಮನ ಪರಂಪರೆಗಿಂತ ಬೇರೆ. ಆದರೆ ವಸುಭಾಗನ ಸಂಸ್ಕೃತ ಕೃತಿ ಕಳೆದುಹೋಗಿದೆ. ಆಕರಗ್ರಂಥವಿಲ್ಲದೆ ಉಳಿದ ಇಂಥ ಹೇಳಿಕೆಯನ್ನು ಕವಿಸಮಯವೆಂದು ಬದಿಗೊತ್ತುವುದು ಸುಲಭ. ಮೈಸೂರಿನ ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು ಹಾಗೆ ಮಾಡಲಿಲ್ಲ. ದುರ್ಗಸಿಂಹನ ಕಥೆಗಳನ್ನು ಜಾವಾ ಮತ್ತು ಆಗ್ನೇಯ ಏಷ್ಯಾದ ಇತರ ಪಾಠಗಳೊಂದಿಗೆ ಒಂದೊಂದಾಗಿ ಹೋಲಿಸಿ, ಇವು ಒಂದೇ ವಸುಭಾಗ ಪರಂಪರೆಯ ಕವಲುಗಳೆಂದು ಅವರು ಪ್ರತಿಪಾದಿಸಿದರು. ಕನ್ನಡದ ಒಬ್ಬ ಕವಿ ತನ್ನ ಆಕರದ ಬಗ್ಗೆ ಹೇಳಿದ ಮಾತಿಗೆ ಸಾವಿರಾರು ಮೈಲಿ ದೂರದ ದ್ವೀಪವೊಂದರ ಓಲೆಗರಿ ಸಾಕ್ಷಿ ನುಡಿಯಿತು. ‘ವಟವೃಕ್ಷಮೇ ಸಾಕ್ಷಿ’ ಎಂಬ ಕಥೆಯ ಕವಿಗೆ ಇಂಥ ಸಾಕ್ಷಿ ದೊರೆತದ್ದು ಸ್ವಾರಸ್ಯಕರ. ಅಲ್ಲಿ ಮರದ ಸಾಕ್ಷಿ ಸುಳ್ಳು, ಇಲ್ಲಿ ಮರದ ಗರಿಯ ಸಾಕ್ಷಿ ನಿಜ.

ಇದರಿಂದ ಕನ್ನಡ ಪಂಚತಂತ್ರವೇ ಬಾಲಿಗೆ ಹೋಯಿತೆಂದು ಹೆಮ್ಮೆಪಡುವಂತಿಲ್ಲ. ಇವೆರಡೂ ಅಕ್ಕತಂಗಿಯರು, ತಾಯಿಮಗಳಲ್ಲ. ದುರ್ಗಸಿಂಹನಲ್ಲಿ ಮಂತ್ರಿಪುತ್ರಿ ತಂತ್ರಿಯ ಚೌಕಟ್ಟು ಇಲ್ಲ. ಆ ಚೌಕಟ್ಟಿಗೆ ಹತ್ತಿರದ ಬಂಧು ದೊರೆಯುವುದು ಜೈನ ಕಥಾಸಾಹಿತ್ಯದಲ್ಲಿ. ಉತ್ತರಾಧ್ಯಯನ ಸೂತ್ರಕ್ಕೆ ಹನ್ನೊಂದನೆಯ ಶತಮಾನದಲ್ಲಿ ದೇವೇಂದ್ರ ಬರೆದ ಟೀಕೆಯಲ್ಲಿ ಕನಕಮಂಜರಿಯ ಕಥೆಯಿದೆ. ಅವಳು ಚಿತ್ರಕಾರನ ಮಗಳು. ಅನೇಕ ರಾಣಿಯರಿರುವ ಅರಸನನ್ನು ಮದುವೆಯಾದ ಅವಳು ರಾತ್ರಿ ದಾಸಿಯ ನೆಪದಲ್ಲಿ ಒಗಟಿನಂಥ ಕಥೆಯೊಂದನ್ನು ತೊಡಗಿ, ಉತ್ತರವನ್ನು ಮರುದಿನಕ್ಕೆ ಉಳಿಸುತ್ತಾಳೆ. ಮಲಗಿದಂತೆ ನಟಿಸಿ ಕೇಳುತ್ತಿದ್ದ ಅರಸ ಉತ್ತರ ತಿಳಿಯುವ ಆಸೆಗೆ ಮರುರಾತ್ರಿಯೂ ಅವಳಲ್ಲಿಗೇ ಬರುತ್ತಾನೆ. ಹೀಗೆ ಆರು ತಿಂಗಳು ಕಳೆಯುತ್ತವೆ. ಅರಬ್ಬೀ ಸಾವಿರದೊಂದು ರಾತ್ರಿಗಳ ಚೌಕಟ್ಟಿನ ಮೂಲ ಹುಡುಕಿದ ಫ್ರೆಂಚ್ ವಿದ್ವಾಂಸ ಕೊಸ್ಕಾಂ ಈ ಜೈನ ಕಥೆಯತ್ತ ಗಮನ ಸೆಳೆದ. ಶಹರಜಾದೆಯ ಹೆಸರು ಲೋಕಪ್ರಸಿದ್ಧವಾಗಿದೆ. ಕನಕಮಂಜರಿ ಟೀಕೆಯೊಳಗೆ ಉಳಿದಳು, ತಂತ್ರಿ ಬಾಲಿಯಲ್ಲಿ ಉಳಿದಳು. ಜೈನ ಪಂಚತಂತ್ರಕ್ಕೂ ಬಾಲಿಯ ತಂತ್ರಿಗೂ ಸಮಾನವಾದ ಕಥೆಗಳೂ ಉಂಟು. ಬಾವಿಯಿಂದ ಮೇಲೆತ್ತಿದ ಹುಲಿ, ಕೋತಿ, ಹಾವುಗಳು ಉಪಕಾರ ಸ್ಮರಿಸಿದರೆ ಅಕ್ಕಸಾಲಿಗ ಮಾತ್ರ ದ್ರೋಹ ಬಗೆದ ಕಥೆಯನ್ನು 1199ರಲ್ಲಿ ಜೈನ ಮುನಿ ಪೂರ್ಣಭದ್ರ ತನ್ನ ಪಂಚಾಖ್ಯಾನದಲ್ಲಿ ಹೇಳಿದ್ದಾನೆ. ಬಾಲಿಯಲ್ಲಿ ಆ ಅಕ್ಕಸಾಲಿಗನ ಹೆಸರು ಸ್ವರ್ಣಂಕಾರ.

ಬಾಲಿಯಲ್ಲಿ ಈ ಕಥೆಗಳು ಗ್ರಂಥಭಂಡಾರದ ವಸ್ತುವಾಗಿ ಮಾತ್ರ ಬದುಕಿಲ್ಲ. ಹಿರಿಯರು ಮಕ್ಕಳಿಗೆ ಕಥೆ ಹೇಳುವ ವಾಡಿಕೆಗೆ ಅಲ್ಲಿ ‘ಮಸತುವ’ ಎಂದು ಹೆಸರು. ತಂತ್ರಿಯ ಬಹುಪಾಲು ಕಥೆಗಳು ಈಗಲೂ ಆ ಬಾಯಿಮಾತಿನಲ್ಲಿವೆ. ಮೀನುಗಳನ್ನು ವಂಚಿಸಿ ಕೊನೆಗೆ ಏಡಿಯ ಕೊಂಡಿಗೆ ಕೊರಳೊಡ್ಡಿದ ಬಕ ಅಲ್ಲಿ ‘ಪೆದಂಡ ಬಕ’. ಪೆದಂಡ ಎಂದರೆ ಬಾಲಿಯ ಬ್ರಾಹ್ಮಣ ಪುರೋಹಿತ. ಪುರೋಹಿತನಿಗೆ ಅತ್ಯಂತ ಗೌರವ ಸಲ್ಲುವ ಸಮಾಜವೊಂದು ಕಪಟಿ ಬಕನಿಗೆ ಅದೇ ಪದವಿಯನ್ನು ಕೊಟ್ಟು ನಗುತ್ತದೆ. ಸಂಸ್ಕೃತದಲ್ಲಿ ಬಕ ಬರಿಯ ಧೂರ್ತ. ಬಾಲಿಯವರ ಕೈಯಲ್ಲಿ ಅದು ಸಮಾಜವಿಮರ್ಶೆ.

ಓಲೆಗರಿಯನ್ನು ಓದುವ ಕ್ರಮವೂ ಗಮನಾರ್ಹ. ‘ಮಬೆಬಸನ್’ ಎಂಬ ಓದುಕೂಟದಲ್ಲಿ ಒಬ್ಬ ಹಳೆಯ ಭಾಷೆಯ ಸಾಲನ್ನು ರಾಗವಾಗಿ ಹಾಡುತ್ತಾನೆ. ಇನ್ನೊಬ್ಬ ಅದರ ಅರ್ಥವನ್ನು ಬಾಲಿ ನುಡಿಯಲ್ಲಿ ಬಿಡಿಸುತ್ತಾನೆ. ಸುತ್ತ ಕುಳಿತವರು ಪದದ ಅರ್ಥಕ್ಕಾಗಿ ವಾದಿಸುತ್ತಾರೆ. ಗಮಕಿ ಮತ್ತು ವ್ಯಾಖ್ಯಾನಕಾರರ ಜೋಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದೇವಾಲಯದ ಉತ್ಸವ, ದಂತಸಂಸ್ಕಾರ, ಶವಸಂಸ್ಕಾರಗಳ ಸಂದರ್ಭಗಳಲ್ಲಿ ಇಂಥ ವಾಚನ ನಡೆಯುತ್ತದೆ. 210 ದಿನಗಳ ಪಂಚಾಂಗಚಕ್ರದ ಕೊನೆಯ ಶನಿವಾರ (ಅವರ ‘ಸನಿಸ್ಚರ’) ಸರಸ್ವತಿಯ ಹಬ್ಬ. ಅಂದು ಓಲೆಕಟ್ಟುಗಳನ್ನು ಹೊರತೆಗೆದು ಪೂಜಿಸುತ್ತಾರೆ, ಓದುಬರಹ ಮಾಡುವುದಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಪೂಜೆ ಉಳಿದು ಓದು ನಿಂತಿದೆ. ಪೂರ್ವಿಕರ ಓಲೆಯನ್ನು ಮುಟ್ಟಲು ಅಂಜುವ ವಾರಸುದಾರನ ಮನೆಯಲ್ಲಿ ಅದನ್ನು ಓದುವವರು ಗೆದ್ದಲುಗಳೇ. ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲಿಯೂ ಇದೇ ಕಥೆ ನಡೆದಿದೆ.

ಬಿಸಿಲು ಮಳೆಗಳ ಆ ನಾಡಿನಲ್ಲಿ ಓಲೆಯ ಆಯುಸ್ಸು ದೀರ್ಘವಲ್ಲ. ಆದ್ದರಿಂದ ಅಲ್ಲಿ ಕಾಪಾಡುವುದೆಂದರೆ ಮತ್ತೆ ಮತ್ತೆ ಪ್ರತಿ ಮಾಡುವುದು. 1928ರಲ್ಲಿ ಸಿಂಗರಾಜದಲ್ಲಿ ಸ್ಥಾಪಿತವಾದ ಗ್ರಂಥಾಲಯ, ಇಂದಿನ ಗೆಡೋಂಗ್ ಕೀರ್ತ್ಯ, ಈ ಪದ್ಧತಿಯನ್ನೇ ಅನುಸರಿಸಿತು: ಮನೆಗಳಿಂದ ಓಲೆಗಳನ್ನು ಎರವಲು ತಂದು, ಹೊಸ ಗರಿಯ ಮೇಲೆ ಪ್ರತಿ ಕೊರೆಯಿಸಿ, ಮೂಲವನ್ನು ಒಡೆಯನಿಗೆ ಹಿಂದಿರುಗಿಸುವುದು. ವೇದ, ಆಗಮ, ಇತಿಹಾಸ ಮೊದಲಾದ ಅದರ ವಿಷಯವಿಭಾಗಗಳ ಜೊತೆಗೆ ‘ತಂತ್ರಿ’ಯೂ ಒಂದು ಪ್ರತ್ಯೇಕ ವಿಭಾಗ. 2016ರಿಂದ ಬಾಲಿ ಪ್ರಾಂತ ಸರ್ಕಾರ ನೇಮಿಸಿದ ಭಾಷಾಪ್ರಚಾರಕರು ಹಳ್ಳಿಗಳ ಮನೆಮನೆಗೆ ಹೋಗಿ ಓಲೆಗಳನ್ನು ಶುಚಿಗೊಳಿಸಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಪಟ್ಟಿ ಮಾಡುತ್ತಿದ್ದಾರೆ. ಈ ನಡುವೆ ತಂತ್ರಿ ತೊಗಲುಗೊಂಬೆಯ ಪರದೆಗೂ ಬಂದಳು. ಬಾಲಿಯ ಗೊಂಬೆಯಾಟ ತಲೆಮಾರುಗಳಿಂದ ಮುಖ್ಯವಾಗಿ ಭಾರತ ರಾಮಾಯಣಗಳನ್ನೇ ಆಡುತ್ತಿತ್ತು. 1980ರ ದಶಕದಲ್ಲಿ ಸುಕಾವತಿಯ ಇ ವಯಾನ್ ವಿಜ ಪ್ರಾಣಿಗಳ ಹೊಸ ಗೊಂಬೆಗಳನ್ನು ಕೊರೆದು ‘ವಯಾಂಗ್ ತಂತ್ರಿ’ಯನ್ನು ಜನಪ್ರಿಯಗೊಳಿಸಿದ. ದೀಪದ ಮುಂದೆ ನಂದಕನೂ ಚಂಡಪಿಂಗಳನೂ ಈಗಲೂ ಕಾದಾಡುತ್ತಾರೆ, ಇಬ್ಬರೂ ಸಾಯುತ್ತಾರೆ.