‘ನನಗೇನಿಲ್ಲ ಸಾರ್, ಆದರೆ...’: ಚೋಮನ ಗದ್ದೆ, ಚೆಸ್ನಟ್‌ನ ರೈಲು, ಕಳಂಬೋಲಿಯ ಫ್ಲಾಟು

ವಿಡಿಯೋದಲ್ಲಿ ಲಾರಿ ಹಾರ್ನ್ ಜಾಸ್ತಿ ಕೇಳಿಸಿದ್ದರೆ ಕ್ಷಮಿಸಿ. ಕಳಂಬೋಲಿ ಸ್ಟೀಲ್ ಮಾರ್ಕೆಟ್ ಹತ್ತಿರ ಮನೆ ಮಾಡಿದರೆ ಇಷ್ಟೇ.

ಈ ಮನೆ ಸಿಕ್ಕಿದ್ದರಿಂದಲೇ ಶುರು ಮಾಡ್ತೀನಿ. ಬ್ರೋಕರ್ ಮೊದಲು ಕೇಳಿದ್ದು ಸಂಬಳ ಅಲ್ಲ, ಸರ್‌ನೇಮ್. ನಮ್ಮ ಕಡೆ ಇನಿಷಿಯಲ್ ಅಷ್ಟೇ ಅಂದೆ. ಹಾಗಾದರೆ ಯಾವ ಜನ ಅಂದ. ಹೇಳಿದೆ. ಬೀಗದ ಕೈ ಬಂತು. ಅದೇ ವಾರ ನನಗಿಂತ ಸೀನಿಯರ್ ಆದ ಗೆಳೆಯನಿಗೆ ಇದೇ ಬಿಲ್ಡಿಂಗಲ್ಲಿ ಫ್ಲಾಟ್ ಸಿಗಲಿಲ್ಲ. ‘ನನಗೇನಿಲ್ಲ ಸಾರ್, ಓನರ್ ಒಪ್ಪಲ್ಲ’ ಅಂದನಂತೆ.

ಈ ಮಾತು ನಾನು ಮೊದಲೇ ಓದಿದ್ದೆ. 1898ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ ಊರಲ್ಲಿ ಬಿಳಿಯರ ಗುಂಪು ಕಪ್ಪು ಜನರನ್ನ ಕೊಂದು, ಊರಿನ ಆಡಳಿತವನ್ನೇ ಕಿತ್ತುಕೊಂಡಿತು. ಅದನ್ನ ಆಧರಿಸಿ ಕಪ್ಪು ಲೇಖಕ ಚಾರ್ಲ್ಸ್ ಚೆಸ್ನಟ್ 1901ರಲ್ಲಿ ‘ದಿ ಮ್ಯಾರೋ ಆಫ್ ಟ್ರೆಡಿಷನ್’ ಕಾದಂಬರಿ ಬರೆದ. ನನ್ನನ್ನ ಹಿಡಿದು ನಿಲ್ಲಿಸಿದ್ದು ಗಲಭೆಗಿಂತ ಶುರುವಿನ ರೈಲು ಪ್ರಯಾಣ. ಡಾಕ್ಟರ್ ಮಿಲ್ಲರ್ ದೊಡ್ಡ ಓದು ಓದಿದವನು. ವರ್ಜೀನಿಯಾ ಬಂದ ಕೂಡಲೇ ಅವನನ್ನ ಬಿಳಿಯರ ಬೋಗಿಯಿಂದ ಎಬ್ಬಿಸ್ತಾರೆ. ಕಂಡಕ್ಟರ್ ತೋರಿಸೋದು ಕಾನೂನನ್ನ. ಡಿಗ್ರಿ ಬೋಗಿ ಬದಲಿಸಲಿಲ್ಲ.

1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ತಗೊಂಡಿದ್ದೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಹಾಗಾಗಿ ಅಲ್ಲಿಯದನ್ನೂ ಇಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ಓದೋದು ನನ್ನ ಕಿತಾಪತಿ ಏನಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಚೋಮನಿಗೆ ಬೇಕಿದ್ದು ಸ್ವಂತ ಬೇಸಾಯ. ಒಡೆಯ ಸಂಕಪ್ಪಯ್ಯ ರಾಕ್ಷಸ ಅಲ್ಲ, ಮನಸ್ಸು ಕರಗುತ್ತೆ ಕೂಡ. ಆದರೆ ತಾಯಿ ಒಪ್ಪಲ್ಲ, ಹೊಲೆಯ ಬೇಸಾಯ ಮಾಡೋ ಪದ್ಧತಿ ಇಲ್ಲ. ಕಂಡಕ್ಟರ್‌ಗೆ ಕಾನೂನು, ಸಂಕಪ್ಪಯ್ಯನಿಗೆ ತಾಯಿ, ನಮ್ಮ ಬ್ರೋಕರ್‌ಗೆ ಓನರ್. ಕೆಟ್ಟವರು ಯಾರೂ ಇಲ್ಲ, ಕೆಲಸ ಮಾತ್ರ ಆಗಿರುತ್ತೆ!

ಕಾರಂತರ ಬಗ್ಗೆ ನನಗೊಂದು ತಕರಾರಿದೆ. ಕೊನೆಗೆ ಚೋಮನ ಕೈಲಿ ಉಳಿಯೋದು ದುಡಿ ಒಂದೇ, ನಮಗೆ ಉಳಿಯೋದು ಅಯ್ಯೋ ಪಾಪ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಮಂದಿ ಕದ್ದ ಕಡಲೆಕಾಯನ್ನ ರಾತ್ರಿಯೆಲ್ಲ ಸುಲಿದು ತಿಂತಾರೆ. ಅಲ್ಲಿ ನಮ್ಮ ಕನಿಕರ ಯಾರಿಗೂ ಬೇಡ.

ನನ್ನ ಗೆಳೆಯನಿಗೂ ಬೇಡ. ಅವನು ಕಾಮೋಠೆಯಲ್ಲಿ ಮನೆ ಮಾಡಿದ. ‘ನೀನು ಬ್ರೋಕರ್‌ಗೆ ಏನಂದೆ?’ ಅಂತ ಒಂದೇ ಸಲ ಕೇಳಿದ. ಏನೂ ಅಂದಿರಲಿಲ್ಲ. ಅಗ್ರಿಮೆಂಟ್ ರಿನ್ಯೂವಲ್ ಮುಂದಿನ ತಿಂಗಳು, ಅದೇ ಬ್ರೋಕರ್ ಬರ್ತಾನೆ.