ಮುಂದಿನ ಬಿಡಿಭಾಗ ಯಾವುದು? ಮರಳುಗಾಡು ಕೊಟ್ಟ ಉತ್ತರ

ದಾರಿಯಿಲ್ಲದ ಕಡೆಯೂ ಓಡಬಲ್ಲ ಪಿಕಪ್ ವಾಹನ ಕೊಂಡವರನ್ನು ಬಹುಬೇಗ ಕಾಡತೊಡಗುವ ಪ್ರಶ್ನೆಯೊಂದಿದೆ: ಇನ್ನು ಇದಕ್ಕೆ ಏನು ಹಾಕಿಸುವುದು? ಅಗಲವಾದ ಟೈರೇ, ಗಾಡಿಯನ್ನು ಎತ್ತರಿಸುವ ಸಸ್ಪೆನ್ಷನ್ನೇ, ಕೆಸರಿನಿಂದ ತಾನೇ ಎಳೆದುಕೊಳ್ಳುವ ವಿಂಚೇ, ಹೊಳೆ ದಾಟಲು ನೆರವಾಗುವ ಎತ್ತರದ ಗಾಳಿ ಕೊಳವೆಯೇ? ಅಂಗಡಿಯ ಪಟ್ಟಿ ಉದ್ದವಿದೆ. ಕೈಯಲ್ಲಿರುವ ಹಣ ಒಂದಕ್ಕೆ ಸಾಲುತ್ತದೆ, ಆಸೆ ಎಲ್ಲದರ ಮೇಲೂ ಹರಿಯುತ್ತದೆ.

ಈ ಪ್ರಶ್ನೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಈಜಿಪ್ಟ್ ಮತ್ತು ಲಿಬಿಯಾದ ಮರಳುಗಾಡಿನಲ್ಲಿ ಸಣ್ಣ ಪಡೆಯೊಂದು ಇದೇ ಪ್ರಶ್ನೆಯನ್ನು ಎದುರಿಸಿತ್ತು. ಅಲ್ಲಿ ಉತ್ತರ ತಪ್ಪಿದರೆ ನಷ್ಟವಾಗುತ್ತಿದ್ದುದು ಹಣವಲ್ಲ, ಪ್ರಾಣ. ಆ ಪಡೆ ನಾಲ್ಕು ಚಕ್ರಕ್ಕೂ ಇಂಜಿನ್ ಬಲ ದೊರೆಯುವ ಲಾರಿಗಳನ್ನು ಒಂದು ವರ್ಷ ಬಳಸಿ, ಮತ್ತೆ ಎರಡೇ ಚಕ್ರದ ಬಲದ ಲಾರಿಗಳಿಗೆ ಮರಳಿತು. ಮೇಲ್ನೋಟಕ್ಕೆ ಇದು ಹಿಮ್ಮುಖ ನಡೆ. ಅದರ ಹಿಂದಿದ್ದ ಲೆಕ್ಕಾಚಾರ ಮಾತ್ರ ಇಂದಿಗೂ ಹಳೆಯದಾಗಿಲ್ಲ.

ಗುಜರಿ ಅಂಗಡಿಯ ಉಕ್ಕು

ಈ ಕಥೆಯ ಮೂಲಪುರುಷ ರಾಲ್ಫ್ ಬ್ಯಾಗ್ನಾಲ್ಡ್ (1896–1990). ಬ್ರಿಟಿಷ್ ಸೇನೆಯ ಎಂಜಿನಿಯರ್ ಆಗಿದ್ದ ಆತ 1920ರ ದಶಕದಲ್ಲಿ ಈಜಿಪ್ಟಿನಲ್ಲಿ ಸೇವೆಯಲ್ಲಿದ್ದ. ರಜೆ ಸಿಕ್ಕಾಗ ಗೆಳೆಯರೊಡನೆ ಫೋರ್ಡ್ ಕಾರುಗಳಲ್ಲಿ ಮರುಭೂಮಿಗೆ ಹೊರಡುವುದು ಅವನ ಹವ್ಯಾಸ. ಮೊದಲು ಮಾಡೆಲ್ ಟಿ, ನಂತರ ಮಾಡೆಲ್ ಎ. ಒಂಟೆಗಳಿಗೂ ಕಷ್ಟವೆನಿಸಿದ್ದ ಮಹಾ ಮರಳು ಸಮುದ್ರದ ದಿಬ್ಬಗಳ ಮೇಲೆ 1930ರ ಹೊತ್ತಿಗೆ ಅವನ ಕಾರುಗಳು ಓಡಿದವು.

ಆ ಕಾರುಗಳಲ್ಲಿ ವಿಶೇಷ ಯಂತ್ರಗಳೇನೂ ಇರಲಿಲ್ಲ. ಇದ್ದದ್ದು ಮೂರು ನಾಲ್ಕು ಸರಳ ಉಪಾಯಗಳು. ಮೊದಲನೆಯದು ಟೈರಿನ ಗಾಳಿ ಇಳಿಸುವುದು. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ. ಭಾರ ಹಂಚಿಹೋಗಿ ಚಕ್ರ ಮರಳಿನಲ್ಲಿ ಹೂತುಹೋಗುವುದಿಲ್ಲ. ಗಟ್ಟಿ ನೆಲ ಸಿಕ್ಕಿದ ಕೂಡಲೇ ಮತ್ತೆ ಗಾಳಿ ತುಂಬಬೇಕು, ಇಲ್ಲದಿದ್ದರೆ ಟೈರು ಕಾದು ಹಾಳಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಪಂಪು ಮತ್ತು ತಾಳ್ಮೆ.

ಎರಡನೆಯದು ಉಕ್ಕಿನ ಹಲಗೆ. ಮೊದಲ ಮಹಾಯುದ್ಧದಲ್ಲಿ ನೆಲದಡಿಯ ಅಡಗುದಾಣಗಳಿಗೆ ಮಾಡು ಹೊದಿಸಲೆಂದು ತಯಾರಾಗಿದ್ದ ದೋಣಿಯಾಕಾರದ ಉಕ್ಕಿನ ಪಟ್ಟಿಗಳು ಕೈರೋದ ಗುಜರಿ ಅಂಗಡಿಯೊಂದರಲ್ಲಿ ಬ್ಯಾಗ್ನಾಲ್ಡ್ ಕಣ್ಣಿಗೆ ಬಿದ್ದವು. ಹೂತ ಚಕ್ರದ ಮುಂದೆ ಮರಳು ಬಗೆದು ಇವನ್ನು ತುರುಕಿದರೆ ಗಾಡಿ ಅದರ ಮೇಲೆ ಹತ್ತಿ ಹೊರಬರುತ್ತಿತ್ತು. ಇಂದು ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಮಾರಾಟವಾಗುವ ಮರಳು ಹಲಗೆಗಳು ಇದರದೇ ಸಂತತಿ.

ಮೂರನೆಯದು ನೀರಿನ ಉಳಿತಾಯ. ಬಿಸಿಲಿನಲ್ಲಿ ರೇಡಿಯೇಟರ್ ಕುದಿದು ನೀರು ಆವಿಯಾಗಿ ಹೋಗುತ್ತಿತ್ತು. ಆ ಆವಿಯನ್ನು ಕೊಳವೆಯ ಮೂಲಕ ಗಾಡಿಯ ಪಕ್ಕದಲ್ಲಿ ಕಟ್ಟಿದ ನೀರಿನ ಡಬ್ಬಿಗೆ ಹರಿಸಲಾಯಿತು. ಅಲ್ಲಿ ಅದು ತಣಿದು ನೀರಾಗುತ್ತಿತ್ತು; ಇಂಜಿನ್ ಆರಿದಾಗ ರೇಡಿಯೇಟರ್ ಆ ನೀರನ್ನು ತಾನೇ ಹಿಂದಕ್ಕೆ ಹೀರಿಕೊಳ್ಳುತ್ತಿತ್ತು. ಇದರ ಜೊತೆಗೆ, ಗಾಡಿಯ ಕಬ್ಬಿಣದಿಂದ ದಿಕ್ಕು ತಪ್ಪುವ ಕಾಂತ ಸೂಜಿಯ ಬದಲು, ಕಡ್ಡಿಯ ನೆರಳು ನೋಡಿ ದಿಕ್ಕು ತಿಳಿಯುವ ಸೌರ ದಿಕ್ಸೂಚಿಯನ್ನು ಬ್ಯಾಗ್ನಾಲ್ಡ್ ಸುಧಾರಿಸಿ ಬಳಸಿದ.

ಕಳಚಿದ್ದೇ ಮೊದಲ ಸುಧಾರಣೆ

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಲಿಬಿಯಾ ಆಗ ಇಟಲಿಯ ವಸಾಹತು. ಪಕ್ಕದ ಈಜಿಪ್ಟಿನಲ್ಲಿ ಬ್ರಿಟಿಷ್ ಸೇನೆ. ಮರುಭೂಮಿಯ ಒಳಭಾಗದಲ್ಲಿ ಶತ್ರು ಏನು ಮಾಡುತ್ತಿದ್ದಾನೆಂದು ತಿಳಿಯುವ ದಾರಿ ಇರಲಿಲ್ಲ. ಬ್ಯಾಗ್ನಾಲ್ಡ್ ಮುಂದಿಟ್ಟ ಸಲಹೆಗೆ ಸೇನಾಪತಿ ಆರ್ಚಿಬಾಲ್ಡ್ ವೇವೆಲ್ ಒಪ್ಪಿದರು. ಮುಂದೆ ಭಾರತದ ವೈಸ್‌ರಾಯ್ ಆದವರು ಇವರೇ. ಹೀಗೆ ಆ ಜುಲೈನಲ್ಲಿ ಹುಟ್ಟಿದ ಪಡೆಗೆ ಕೆಲವೇ ತಿಂಗಳಲ್ಲಿ 'ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್' ಎಂಬ ಹೆಸರು ಬಂತು. ಮೊದಲ ಸೈನಿಕರಲ್ಲಿ ಹೆಚ್ಚಿನವರು ನ್ಯೂಜಿಲೆಂಡಿನವರು.

ಪಡೆಗೆ ಬೇಕಾದ ವಾಹನ ಸೇನೆಯ ಉಗ್ರಾಣದಲ್ಲಿ ಇರಲಿಲ್ಲ. ಕೊನೆಗೆ ಆಯ್ಕೆಯಾದದ್ದು ಪೇಟೆಯಲ್ಲಿ ಸಿಗುತ್ತಿದ್ದ ಷೆವರ್ಲೆಯ ಸಾಮಾನ್ಯ ಲಾರಿ: ಹಿಂಭಾಗ ತೆರೆದಿರುವ, ಸುಮಾರು ಒಂದೂವರೆ ಟನ್ ಹೊರುವ, ಹಿಂದಿನ ಎರಡು ಚಕ್ರಕ್ಕಷ್ಟೇ ಇಂಜಿನ್ ಬಲವಿರುವ ಗಾಡಿ. ಕೆಲವನ್ನು ಅಲೆಕ್ಸಾಂಡ್ರಿಯಾದಲ್ಲಿ ಕೊಂಡರು, ಉಳಿದವನ್ನು ಈಜಿಪ್ಟಿನ ಸೇನೆಯಿಂದ ಪಡೆದರು.

ಗಾಡಿ ಕೈಗೆ ಬಂದ ಮೇಲೆ ಅವರು ಮೊದಲು ಮಾಡಿದ್ದು ಸೇರಿಸುವ ಕೆಲಸವಲ್ಲ, ಕಳಚುವ ಕೆಲಸ. ಬಾಗಿಲು, ಮುಂಗಾಜು, ಮಾಡು ಎಲ್ಲವೂ ಹೋದವು. ಅದರಿಂದ ಉಳಿದ ಭಾರ ಪೆಟ್ರೋಲಿಗೆ, ನೀರಿಗೆ, ಮದ್ದುಗುಂಡಿಗೆ. ಆಮೇಲೆ ಸೇರಿಸಿದವು ಇವು: ಹೊರೆ ತಾಳಲು ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿಗಳು, ಅಗಲವಾದ ಕಡಿಮೆ ಒತ್ತಡದ ಟೈರುಗಳು, ದೊಡ್ಡ ರೇಡಿಯೇಟರ್ ಮತ್ತು ಅದರ ಆವಿ ಡಬ್ಬಿ, ಉಕ್ಕಿನ ಹಲಗೆ, ಮರಳಿನ ಮೇಲೆ ಹಾಸುವ ಚಾಪೆ, ಸೌರ ದಿಕ್ಸೂಚಿ. ಪಟ್ಟಿಯನ್ನು ಗಮನಿಸಿದರೆ ಒಂದು ಅಂಶ ಎದ್ದು ಕಾಣುತ್ತದೆ. ಇದರಲ್ಲಿ ಇಂಜಿನ್ನಿನ ಶಕ್ತಿ ಹೆಚ್ಚಿಸುವ ವಸ್ತು ಒಂದೂ ಇಲ್ಲ. ಎಲ್ಲವೂ ಗಾಡಿ ದೂರ ಹೋಗಿ ವಾಪಸು ಬರಲು ಬೇಕಾದವು.

ನಾಲ್ಕು ಚಕ್ರದ ಬೆಲೆ

1941ರ ಮಾರ್ಚ್‌ನಿಂದ ಸವೆದ ಷೆವರ್ಲೆಗಳ ಜಾಗಕ್ಕೆ ಕೆನಡಾದಲ್ಲಿ ತಯಾರಾದ ಫೋರ್ಡ್ ಎಫ್-30 ಲಾರಿಗಳು ಬಂದವು. ಇವುಗಳಲ್ಲಿ ನಾಲ್ಕೂ ಚಕ್ರಕ್ಕೆ ಬಲವಿತ್ತು. ಮೆದು ಮರಳಿನಲ್ಲಿ ಇದಕ್ಕಿಂತ ಒಳ್ಳೆಯದು ಬೇರೇನಿದೆ ಎನಿಸುವುದು ಸಹಜ. ಆದರೆ ಗಾಡಿ ಹೆಚ್ಚು ಭಾರ. ಪೆಟ್ರೋಲ್ ಕುಡಿಯುತ್ತಿದ್ದುದು ಹಳೆಯ ಷೆವರ್ಲೆಯ ಸುಮಾರು ಎರಡರಷ್ಟು.

ಇದರ ಅರ್ಥವೇನೆಂದು ತಿಳಿಯಲು ಸುಲಭದ ಅಂಕಿಗಳಲ್ಲಿ ಒಂದು ಲೆಕ್ಕ ಹಾಕಬಹುದು. 1600 ಕಿಲೋಮೀಟರ್ ಪಯಣಕ್ಕೆ ಹೊರಟ ಲಾರಿಯೊಂದು ಲೀಟರಿಗೆ 5 ಕಿ.ಮೀ. ಓಡುತ್ತದೆ ಎನ್ನೋಣ. ಬೇಕಾದ ಪೆಟ್ರೋಲ್ 320 ಲೀಟರ್, ತೂಕ ಸುಮಾರು 240 ಕಿಲೋ. ಇಂಧನದ ಖರ್ಚು ಇಮ್ಮಡಿಯಾದರೆ ಇನ್ನೂ 240 ಕಿಲೋ ಹೊರಬೇಕು. ಅಷ್ಟೇ ತೂಕದ ನೀರು ಎಂದರೆ, ದಿನಕ್ಕೆ ತಲಾ ನಾಲ್ಕು ಲೀಟರಿನಂತೆ ಮೂವರಿಗೆ ಇಪ್ಪತ್ತು ದಿನ ಸಾಲುವಷ್ಟು. ನಡುದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲದ ಊರಿನಲ್ಲಿ ನಾಲ್ಕು ಚಕ್ರದ ಬಲಕ್ಕೆ ಕೊಡಬೇಕಾದ ಬೆಲೆ ಇದು.

ಪಡೆಯ ಕೆಲಸವೇ ದೂರ ಹೋಗುವುದು. ಶತ್ರುವಿನ ಬೆನ್ನ ಹಿಂದೆ ನೂರಾರು ಕಿಲೋಮೀಟರ್ ಸಾಗಿ, ಕರಾವಳಿ ಹೆದ್ದಾರಿಯ ಬಳಿ ಅಡಗಿ ಕುಳಿತು, ಹಗಲಿರುಳು ಅಲ್ಲಿ ಓಡಾಡುವ ಟ್ಯಾಂಕು, ಲಾರಿಗಳನ್ನು ಎಣಿಸುವುದು 1942ರಲ್ಲಿ ಅದರ ಮುಖ್ಯ ಹೊಣೆಗಳಲ್ಲೊಂದಾಗಿತ್ತು. ಮರಳಿನಲ್ಲಿ ಸಿಕ್ಕಿದ ಗಾಡಿಯನ್ನು ಸಲಿಕೆ ಮತ್ತು ಉಕ್ಕಿನ ಹಲಗೆಯಿಂದ ಎತ್ತಬಹುದು. ಮುಗಿದ ಪೆಟ್ರೋಲನ್ನು ಯಾವ ಸಲಿಕೆಯಿಂದಲೂ ಅಗೆದು ತೆಗೆಯಲಾಗದು.

1942ರ ಮಾರ್ಚ್‌ನಿಂದ ಫೋರ್ಡ್‌ಗಳು ಹಿಂದೆ ಸರಿದವು. ಪಡೆಗಾಗಿಯೇ ವಿಶೇಷವಾಗಿ ಹೇಳಿ ತರಿಸಿದ 200 ಕೆನಡಾ ಷೆವರ್ಲೆಗಳು ಬಂದವು. ಅವು ಮತ್ತೆ ಎರಡೇ ಚಕ್ರದ ಬಲದವು. ಹಾಗೆಂದು ನಾಲ್ಕು ಚಕ್ರದ ಬಲವನ್ನು ಪಡೆ ತಿರಸ್ಕರಿಸಲಿಲ್ಲ. ಅದೇ ವರ್ಷದ ಜುಲೈನಿಂದ ತಂಡದ ಮುಖ್ಯಸ್ಥರಿಗೆ ಹಗುರವಾದ ವಿಲ್ಲೀಸ್ ಜೀಪುಗಳು ದೊರೆತವು. ಮುಂದೆ ಹೋಗಿ ದಾರಿ ಹುಡುಕುವವನಿಗೆ ನಾಲ್ಕು ಚಕ್ರ, ಹಿಂದೆ ಹೊರೆ ತರುವವನಿಗೆ ಎರಡು. ಸೆಪ್ಟೆಂಬರ್‌ನಲ್ಲಿ 12 ಲಾರಿ, 5 ಜೀಪುಗಳ ತಂಡ ಸುಮಾರು 1850 ಕಿ.ಮೀ. ಕ್ರಮಿಸಿ ಬಾರ್ಸೆ ಎಂಬಲ್ಲಿದ್ದ ಇಟಲಿಯ ವಿಮಾನ ನೆಲೆಯ ಮೇಲೆ ದಾಳಿ ನಡೆಸಿತು.

ಈ ಕಥೆಯಲ್ಲಿ ಭಾರತೀಯರ ಪಾಲೂ ಇದೆ. ಭಾರತೀಯ ಅಶ್ವದಳಗಳಿಂದ ಆಯ್ದವರನ್ನು ಸೇರಿಸಿ 'ಇಂಡಿಯನ್ ಲಾಂಗ್ ರೇಂಜ್ ಸ್ಕ್ವಾಡ್ರನ್' ಕಟ್ಟಲಾಗಿತ್ತು. ಜಾಟ್, ಮುಸ್ಲಿಂ, ರಜಪೂತ, ಸಿಖ್ ಸೈನಿಕರ ಈ ತಂಡಗಳು 1942ರ ಕೊನೆಯ ಭಾಗದಲ್ಲಿ ಬ್ಯಾಗ್ನಾಲ್ಡ್ ಕಟ್ಟಿದ ಪಡೆಯ ಜೊತೆ ಸೇರಿ ಮರುಭೂಮಿಯಲ್ಲಿ ದುಡಿದವು.

ಡಬ್ಬಿಯೂ ಒಂದು ಬಿಡಿಭಾಗ

ಮರಳುಗಾಡಿನ ಯುದ್ಧದಲ್ಲಿ ಬೆಲೆ ಗಳಿಸಿದ ಮತ್ತೊಂದು ವಸ್ತು ಪೆಟ್ರೋಲ್ ಡಬ್ಬಿ. ಬ್ರಿಟಿಷರದು ತೆಳು ತಗಡಿನ ನಾಲ್ಕು ಗ್ಯಾಲನ್ ಡಬ್ಬಿ. ಗಾಡಿ ಕುಲುಕಿದರೆ ಬೆಸುಗೆ ಬಿಟ್ಟು ಸೋರುತ್ತಿತ್ತು. ಹೀಗೆ ಸುಮಾರು ಶೇ 30ರಷ್ಟು ಇಂಧನ ಪೋಲಾಗುತ್ತಿದೆ ಎಂದು ಸೇನಾಪತಿ ಆಕಿನ್‌ಲೆಕ್ ಅಂದಾಜು ಮಾಡಿದ್ದರು. ಜರ್ಮನರ ಬಳಿ ಗಟ್ಟಿಯಾದ, ಮೂರು ಹಿಡಿಯ, 20 ಲೀಟರ್ ಕ್ಯಾನ್ ಇತ್ತು. ಶತ್ರುವಿನಿಂದ ವಶವಾದ ಇಂಥ ಕ್ಯಾನುಗಳಿಗೆ ಬ್ರಿಟಿಷ್ ಸೈನಿಕರಲ್ಲಿ ಭಾರೀ ಬೇಡಿಕೆ. 'ಜೆರ್ರಿ' ಎಂದರೆ ಅವರ ಆಡುಮಾತಿನಲ್ಲಿ ಜರ್ಮನ್. ಹಾಗಾಗಿ ಅದು ಜೆರ್ರಿಕ್ಯಾನ್ ಆಯಿತು. ಸೋರದ ಡಬ್ಬಿಯೊಂದು ಇಂಜಿನ್ನಿಗೆ ಕೈ ಹಚ್ಚದೆಯೇ ಲಾರಿಯ ಓಟವನ್ನು ಹೆಚ್ಚಿಸಿತು.

ನಡೆದು ಬದುಕಿದವರು

ಗಾಡಿ ಕಳೆದುಕೊಂಡರೆ ಏನಾಗುತ್ತಿತ್ತು ಎನ್ನುವುದಕ್ಕೆ 1941ರ ಜನವರಿ 31ರ ಘಟನೆ ಸಾಕ್ಷಿ. ಕುಫ್ರಾ ಓಯಸಿಸ್ಸಿನ ದಕ್ಷಿಣಕ್ಕೆ ಗೆಬೆಲ್ ಶೆರಿಫ್ ಎಂಬಲ್ಲಿ ಇಟಲಿಯ ಮರುಭೂಮಿ ಪಡೆ ಹೊಂಚುಹಾಕಿ ದಾಳಿ ಮಾಡಿದಾಗ ಕೆಲವು ಲಾರಿಗಳು ನಾಶವಾದವು. ಬಂಡೆಗಳ ನಡುವೆ ಅಡಗಿ ಉಳಿದ ನಾಲ್ವರ ಬಳಿ ಇದ್ದದ್ದು ಎರಡು ಗ್ಯಾಲನ್‌ಗೂ ಕಡಿಮೆ ನೀರು. ನ್ಯೂಜಿಲೆಂಡಿನ ರಾನ್ ಮೂರ್ ಪಾದಕ್ಕೆ ಗಾಯವಾಗಿದ್ದರೂ ಹತ್ತು ದಿನಗಳಲ್ಲಿ ಸುಮಾರು 340 ಕಿ.ಮೀ. ನಡೆದ ಮೇಲೆ ಫ್ರೆಂಚ್ ಸೈನಿಕರ ಕಣ್ಣಿಗೆ ಬಿದ್ದ. ನಾಲ್ವರಲ್ಲಿ ಒಬ್ಬ, ನೆರವು ಸಿಕ್ಕಿದ ಮೇಲೂ ಉಳಿಯಲಿಲ್ಲ. ಪಡೆ ಕಳೆದುಕೊಂಡಿದ್ದ 'ವೈಕಾಹಾ' ಎಂಬ ಷೆವರ್ಲೆ ಸುಮಾರು ನಾಲ್ಕು ದಶಕಗಳ ನಂತರ ಮರಳುಗಾಡಿನಲ್ಲಿ ಪತ್ತೆಯಾಗಿ ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿತು.

ಇಂದಿನ ಲೆಕ್ಕ

ಯುದ್ಧ ಮುಗಿದ ಮೇಲೆ ಕಾಲ ಬದಲಾಯಿತು. ಅಮೆರಿಕದಲ್ಲಿ 1948ರಲ್ಲಿ ಆರ್ಥರ್ ವಾರ್ನ್ ಎಂಬಾತ ಯುದ್ಧದ ಜೀಪುಗಳ ಮುಂದಿನ ಚಕ್ರಗಳನ್ನು ಬೇಕಾದಾಗ ಜೋಡಿಸುವ, ಬೇಡವಾದಾಗ ಬಿಡಿಸುವ ಹಬ್ ತಯಾರಿಸಿದ. ನಾಲ್ಕು ಚಕ್ರದ ಬಲವೂ ಬೇಕು, ರಸ್ತೆಯಲ್ಲಿ ಪೆಟ್ರೋಲೂ ಉಳಿಯಬೇಕು ಎಂಬ ಗೊಂದಲಕ್ಕೆ ಒಂದು ಪರಿಹಾರ ಸಿಕ್ಕಿತು. ಅಲ್ಲಿಂದ ಬಿಡಿಭಾಗಗಳದ್ದೇ ಒಂದು ಉದ್ಯಮ ಬೆಳೆಯಿತು. ಇಂದಿನ ಪಿಕಪ್‌ಗಳು ಎಷ್ಟೋ ಸೌಲಭ್ಯವನ್ನು ಕಾರ್ಖಾನೆಯಿಂದಲೇ ತರುತ್ತವೆ. 2022ರಿಂದ ಭಾರತದಲ್ಲಿ ಮಾರಾಟವಾಗುತ್ತಿರುವ, ಬಿಡದಿಯಲ್ಲಿ ಜೋಡಣೆಯಾಗುವ ಹೈಲಕ್ಸ್‌ನಲ್ಲಿ ನಾಲ್ಕು ಚಕ್ರದ ಬಲದ ಜೊತೆ, ಒಂದು ಹಿಂಚಕ್ರ ಜಾರಿದಾಗ ಇನ್ನೊಂದಕ್ಕೂ ಬಲ ತಲುಪಿಸುವ ಲಾಕ್ ಕೂಡ ಇದೆ.

ಆದರೂ ಪ್ರತಿ ಸೇರ್ಪಡೆಗೂ ಒಂದು ಬೆಲೆ ಇದೆ ಎಂಬ ಮಾತು ಬದಲಾಗಿಲ್ಲ. ವಿಂಚ್ ಹಾಕಿದರೆ ಗಾಡಿಯ ಮೂತಿ ಭಾರವಾಗುತ್ತದೆ, ಆಗ ಮುಂದಿನ ಸ್ಪ್ರಿಂಗ್ ಬದಲಿಸಬೇಕಾಗಬಹುದು. ದೊಡ್ಡ ಟೈರಿಗೆ ಇಂಜಿನ್ ಹೆಚ್ಚು ದುಡಿಯಬೇಕು, ಬ್ರೇಕಿಗೂ ಶ್ರಮ. ಎತ್ತರಿಸಿದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಒಂದು ಬಿಡಿಭಾಗ ಇನ್ನೊಂದನ್ನು ಕರೆಯುತ್ತದೆ.

ನೆಲವೂ ಮುಖ್ಯ. ಮರಳಿನ ಮದ್ದು ಮಲೆನಾಡಿನ ಕೆಸರಿಗೆ ನಾಟುವುದಿಲ್ಲ. ಜಾರು ಮಣ್ಣಿನಲ್ಲಿ ಬೇಕಾದದ್ದು ಹಿಡಿತ. ಮಳೆಗಾಲದಲ್ಲಿ ತೋಟದ ಜೀಪಿನ ಟೈರಿಗೆ ಚೈನು ಕಟ್ಟುವ ರೂಢಿ ಬಂದದ್ದು ಅದಕ್ಕೇ.

ಭಾರತದಲ್ಲಿ ಕಾನೂನಿನ ಮಿತಿಯೂ ಇದೆ. ಮುಂಭಾಗಕ್ಕೆ ಹಾಕಿಸುವ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿತು. ಗಾಡಿ ಎತ್ತರಿಸುವ, ದೊಡ್ಡ ಟೈರು ತೊಡಿಸುವ ಮೊದಲು ಆರ್‌ಟಿಒ ನಿಯಮ ನೋಡಿಕೊಳ್ಳುವುದು ಕ್ಷೇಮ.

ಟೈರಿನ ಗಾಳಿ ನೋಡುವ ಗೇಜು, ಪಂಪು, ಸಲಿಕೆ, ಗಟ್ಟಿ ಹಗ್ಗ, ಸೋರದ ನೀರಿನ ಕ್ಯಾನು: ಇವಕ್ಕೆ ಆರ್‌ಟಿಒ ಅನುಮತಿಯೂ ಬೇಡ, ದೊಡ್ಡ ಹಣವೂ ಬೇಡ. ಎಲ್ಲಿಗೆ ಹೋಗಬೇಕು, ಎಷ್ಟು ಹೊರಬೇಕು, ಸಿಕ್ಕಿಬಿದ್ದರೆ ಹೇಗೆ ವಾಪಸು ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಅಂಗಡಿಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಕೈರೋದಲ್ಲಿ ಬಾಗಿಲು ಕಳಚಿದ ಲಾರಿಗಳ ಚಾಲಕರು ಕೇಳಿಕೊಂಡದ್ದೂ ಇವೇ ಮೂರು ಪ್ರಶ್ನೆಗಳನ್ನು.