ಎಲ್ಲರಿಗೂ ಗೊತ್ತಿರುವ ಗುಟ್ಟು

ಗುಟ್ಟು ಎಂಬ ಮಾತಿಗೆ ನಮ್ಮ ಟಿವಿ ಧಾರಾವಾಹಿಗಳಲ್ಲಿ ಒಂದು ವಿಚಿತ್ರವಾದ ಅರ್ಥವಿದೆ. ಕಥೆಯ ಒಳಗಿರುವವರಿಗೆ ತಿಳಿಯದೆ, ಹೊರಗೆ ಕುಳಿತು ನೋಡುವ ನಮಗೆಲ್ಲ ಮೊದಲೇ ತಿಳಿದಿರುವ ಸಂಗತಿಯೇ ಅಲ್ಲಿ ಗುಟ್ಟು. ಈಕೆ ಯಾರ ಮಗಳು, ಆ ಕಾಗದದಲ್ಲಿ ಏನಿದೆ, ಹಾಲಿಗೆ ಔಷಧಿ ಬೆರೆಸಿದ ಕೈ ಯಾವುದು ಎಂಬುದು ನಾಡಿಗೆಲ್ಲ ಗೊತ್ತು. ಆ ಮನೆಯ ಯಜಮಾನನಿಗೆ ಮಾತ್ರ ಗೊತ್ತಿಲ್ಲ. ಇದನ್ನು ಕಂಡು ನಗುವ ವಿದ್ವಾಂಸರು ಬಹಳ ಮಂದಿ ಇದ್ದಾರೆ. ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನ ಒಂದು ಸಂಜೆ ಕಾಲೇಜಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದ ನನಗೆ, ನಗುವುದಕ್ಕಿಂತ ಹೆಚ್ಚಾಗಿ, ಈ ಗುಟ್ಟುಗಳ ಸುತ್ತ ನಡೆಯುವ ಚರ್ಚೆಯನ್ನು ಕಿವಿಗೊಟ್ಟು ಕೇಳುವ ಅವಕಾಶ ಒದಗಿತು. ಆ ಚರ್ಚೆಗೂ ಒಂದು ಚರಿತ್ರೆಯಿದೆ.

ಬೆಂಗಳೂರಿನ ಹೊರವಲಯದಲ್ಲಿ ಕಾರ್ಖಾನೆಗಳು ಮೊದಲು ಬಂದವು, ದೂರದರ್ಶನ ಆಮೇಲೆ ಬಂದಿತು. ಜಾಲಹಳ್ಳಿಯ ಕಡೆ ಎಚ್‌ಎಂಟಿ, ಬಿಇಎಲ್‌ಗಳು ಐವತ್ತರ ದಶಕದ ಮೊದಲರ್ಧದಲ್ಲಿಯೇ ತಲೆಯೆತ್ತಿದ್ದವು. ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ 1961ರದು. ಪೀಣ್ಯದ ಸಣ್ಣ ಕೈಗಾರಿಕೆಗಳ ಬೀಡು ಎಪ್ಪತ್ತರ ದಶಕದಲ್ಲಿ ಬೆಳೆಯಿತು. ಆರ್. ಕೆ. ಬಾಳಿಗರ ಕನಸಾದ ಎಲೆಕ್ಟ್ರಾನಿಕ್ ಸಿಟಿಗೆ ಅದೇ ದಶಕದ ಕೊನೆಯಲ್ಲಿ ನೆಲ ಸಿದ್ಧವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಎಂದರೆ, ಈ ಪ್ರದೇಶದ ಜನ ಟಿವಿಯ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ಅವರ ದಿನವನ್ನು ಕಾರ್ಖಾನೆಯ ಸೈರನ್ನು ಆಗಲೇ ಹಂಚಿಬಿಟ್ಟಿತ್ತು. ಮೂರು ಪಾಳಿಯಲ್ಲಿ ದುಡಿಯುವವರಿಗೆ ನಿಗದಿಯಾದ ಒಂದು ಗಳಿಗೆಯಲ್ಲಿ ಎಲ್ಲರೂ ಕೂಡಿ ಒಂದು ಕಥೆಯನ್ನು ನೋಡುವುದು ಸಾಧ್ಯವಿರಲಿಲ್ಲ. ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಈ ಸಣ್ಣ ಸಂಗತಿ ಬೇಕಾಗುತ್ತದೆ.

1984ರಲ್ಲಿ 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿ ಬಂದಿತು. ನೂರೈವತ್ತಕ್ಕೂ ಹೆಚ್ಚು ಕಂತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರರು ಬಂದು ಕಥೆಯನ್ನು ಕುರಿತು ಎರಡು ಮಾತು ಆಡುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಟಿವಿ ಇದ್ದ ಮನೆಯೇ ಒಂದೋ ಎರಡೋ. ಹಿಂದಿ ಬಲ್ಲವರು ಅದಕ್ಕಿಂತಲೂ ಕಡಮೆ. ಬಲ್ಲವರೊಬ್ಬರು ಮುಂದೆ ಕುಳಿತು, ನಡುನಡುವೆ ಕನ್ನಡದಲ್ಲಿ ಬಿಡಿಸಿ ಹೇಳುವರು; ಉಳಿದವರು ಜಗುಲಿಯಿಂದಲೇ ಕೇಳುವರು. ಗಮಕ ವಾಚನವನ್ನು ಕಂಡವರಿಗೆ ಈ ಏರ್ಪಾಡು ಹೊಸದಲ್ಲ. ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಇಲ್ಲಿ ಹಾಡುವ ಜಾಗದಲ್ಲಿ ಟಿವಿ ಪೆಟ್ಟಿಗೆಯಿತ್ತು, ಅಷ್ಟೆ.

ನಿಜವಾದ ಅರ್ಥದಲ್ಲಿ ನೋಡುಗನಿಂದಲೂ ಗುಟ್ಟನ್ನು ಮುಚ್ಚಿಟ್ಟ ಕನ್ನಡ ಧಾರಾವಾಹಿಗಳು ಬಂದಿಲ್ಲವೆಂದಲ್ಲ. ಸದಾನಂದ ಸುವರ್ಣರ 'ಗುಡ್ಡದ ಭೂತ' ಅಂಥದು. ಅದರಲ್ಲಿ ಪ್ರಕಾಶ್ ರೈ ಅಭಿನಯಿಸಿದ್ದರು. ತುಳುನಾಡಿನ ಆ ಗುಡ್ಡದಲ್ಲಿ ಇರುವುದು ಭೂತವೋ ಮನುಷ್ಯನೋ ಎಂದು ಮುಂದಿನ ಕಂತಿನವರೆಗೂ ಜನ ತಲೆ ಕೆಡಿಸಿಕೊಳ್ಳುತ್ತಿದ್ದರು. ಆದರೆ ಆ ದಾರಿ ಬೆಳೆಯಲಿಲ್ಲ. ಪತ್ತೇದಾರಿ ಕಾದಂಬರಿಗಳನ್ನು ನೂರಾರು ಸಂಖ್ಯೆಯಲ್ಲಿ ಬರೆದ ಎನ್. ನರಸಿಂಹಯ್ಯನವರಂಥವರು ಇದ್ದ ಭಾಷೆಯಲ್ಲಿ ಅದೇಕೆ ಬೆಳೆಯಲಿಲ್ಲವೆಂಬುದು ಬೇರೆಯೇ ಒಂದು ಪ್ರಶ್ನೆ.

ಬೆಳೆದದ್ದು ಇನ್ನೊಂದು ದಾರಿ. 1998ರಲ್ಲಿ ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ಸೇರಿ ನಿರ್ದೇಶಿಸಿದ 'ಮಾಯಾಮೃಗ' ದಿನವಹಿ ಬರತೊಡಗಿತು. ಅದು ಬರುತ್ತಿದ್ದುದು ಇಳಿಹೊತ್ತಿನಲ್ಲಿ. ಪೀಣ್ಯದ ಎಷ್ಟೋ ಯಂತ್ರಗಳು ಇನ್ನೂ ತಿರುಗುತ್ತಿರುವ ವೇಳೆಯಲ್ಲಿ. ನೋಡಿದವರು ನೋಡದವರಿಗೆ ಹೇಳಬೇಕಾಗಿ ಬಂದಿತು. ನನ್ನ ಸಂಜೆ ತರಗತಿಯಲ್ಲಿ ಮೊದಲ ಹತ್ತು ನಿಮಿಷ ಆ ಕಥಾಶ್ರವಣಕ್ಕೇ ಮೀಸಲು. ನಾನು ಅದನ್ನು ತಡೆಯಲಿಲ್ಲ. ಮೊದಲ ಪಾಳಿ ಮುಗಿಸಿ ಮನೆಗೆ ಹೋಗಿ ನೋಡಿಬಂದವಳು ಹೇಳುವವಳು. ಜನರಲ್ ಶಿಫ್ಟಿನಿಂದ ನೇರವಾಗಿ ಬಂದವರು ಕೇಳುವವರು.

"ನಿನ್ನೆ ಹೇಳಿದಳಾ ಅಕ್ಕ?"

"ಇನ್ನೂ ಎಲ್ಲಿ ಹೇಳಿದಳು! ಬಾಯಿಗೆ ಬಂದದ್ದನ್ನ ನುಂಗಿಕೊಂಡಳು ಕಣೇ."

ಈ ಎರಡು ಮಾತಿನಲ್ಲಿ ನಮ್ಮ ಧಾರಾವಾಹಿಯ ಕಾವ್ಯಮೀಮಾಂಸೆಯೇ ಇದೆ. ಏನು ಹೇಳಬೇಕೆಂಬುದು ಇಬ್ಬರಿಗೂ ಗೊತ್ತು. ಹೇಳಿದಳೇ ಇಲ್ಲವೇ, ಹೇಳಬೇಕೋ ಬೇಡವೋ, ಹೇಳಬೇಕಾದವಳು ಅವಳೋ ಅವಳ ಅತ್ತೆಯೋ ಎಂಬುದರ ಮೇಲೆ ಚರ್ಚೆ. ಹೇಳುವವಳ ಅಭಿಪ್ರಾಯ ಕಥೆಯಲ್ಲಿ ಬೆರೆತುಹೋಗಿ, ಕೇಳಿದವರಿಗೆ ಒಮ್ಮೊಮ್ಮೆ ಪ್ರಸಾರವಾದ ಕಂತಿಗಿಂತ ಚೆನ್ನಾದ ಕಂತು ಸಿಗುತ್ತಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಸೀತಾರಾಂ ಅವರು ಮುಂದೆ 'ಮುಕ್ತ ಮುಕ್ತ'ದ ಕಾಲದಲ್ಲಿ ಊರೂರಿಗೆ ಹೋಗಿ ನೋಡುಗರೊಡನೆ ಸಂವಾದ ನಡೆಸಿದರು. ಜನ ಎದ್ದು ನಿಂತು ಪಾತ್ರಗಳ ಪರವಾಗಿ ವಾದಿಸುವ ಆ ಬಗೆ ಹೊಸ ಪ್ರಯೋಗವೆನ್ನಿಸಿತು; ಊಟದ ಡಬ್ಬಿ ಬಿಚ್ಚುವ ಹೊತ್ತಿನಲ್ಲಿ ಕಾರ್ಖಾನೆಗಳಲ್ಲಿ ಅದು ನಿತ್ಯ ನಡೆಯುತ್ತಿದ್ದುದೇ.

ಇದರ ಬೇರು ಎಲ್ಲಿದೆ ಎಂದು ಹುಡುಕುವವರು ದೂರ ಹೋಗಬೇಕಾಗಿಲ್ಲ. ಕರ್ಣನ ಜನ್ಮದ ಗುಟ್ಟಿಗಿಂತ ದೊಡ್ಡ ಗುಟ್ಟು ನಮ್ಮ ಸಾಹಿತ್ಯದಲ್ಲಿ ಉಂಟೆ? 941ರಲ್ಲಿ ಪಂಪ ತನ್ನ ಭಾರತವನ್ನು ರಚಿಸಿದಾಗಲೇ ಅದು ಕೇಳುಗರಿಗೆಲ್ಲ ತಿಳಿದಿದ್ದ ಸಂಗತಿ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಹೋಗಿ ಆ ಮಾತನ್ನು ಕಿವಿಯಲ್ಲಿ ಹಾಕುವ ಭಾಗಕ್ಕೆ ಬಂದಾಗ ಗಮಕದ ಸಭೆ ಉಸಿರು ಬಿಗಿಹಿಡಿಯುತ್ತದೆ. ತಾಳಮದ್ದಳೆಯಲ್ಲಿ 'ಕರ್ಣಭೇದನ'ವನ್ನು ಇರುಳಿಡೀ ಚರ್ಚಿಸುತ್ತಾರೆ. ಇಷ್ಟು ತಡವಾಗಿ ಹೇಳಿದ್ದು ನ್ಯಾಯವೆ? ತಿಳಿದ ಮೇಲೆ ಅವನು ಏನು ಮಾಡಬೇಕಿತ್ತು? ಪ್ರಶ್ನೆ ಅದೇ. ಧಾರಾವಾಹಿಗಳೆಲ್ಲ ಪಂಪಭಾರತದ ಮಟ್ಟಕ್ಕೆ ಏರಿವೆಯೆಂದು ನಾನು ಹೇಳುತ್ತಿಲ್ಲ. ಬಹುಪಾಲು ಏರಿಲ್ಲ. ಆದರೆ ಕೇಳುಗರ ಕಿವಿ ಆ ಪರಂಪರೆಯಲ್ಲಿ ಪಳಗಿದ್ದು.

ಹೊರವಲಯದ ವಠಾರಗಳಲ್ಲಿ ಈ ಚರ್ಚೆಗೆ ಇನ್ನೊಂದು ತಿರುವು ಸಿಕ್ಕಿತು. 2012ರ ಕೊನೆಯಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ'ಗೆ ಮೂಲ 2008ರ 'ಬಾಲಿಕಾ ವಧು' ಎಂಬ ಹಿಂದಿ ಧಾರಾವಾಹಿ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುವ ಸಾಲುಮನೆಗಳಲ್ಲಿ ಕನ್ನಡದವರ ಪಕ್ಕದಲ್ಲಿ ಬಿಹಾರದವರೂ ಒಡಿಶಾದವರೂ ಇದ್ದರು. ಗೌರಿಯ ಬಾಳಿನಲ್ಲಿ ಮುಂದೇನಾಗುತ್ತದೆಂಬುದನ್ನು ಹಿಂದಿಯಲ್ಲಿ ನೋಡಿದ್ದವರು ನಾಲ್ಕು ವರ್ಷ ಮೊದಲೇ ಬಲ್ಲವರಾಗಿದ್ದರು. ಅರೆಬರೆ ಕನ್ನಡದಲ್ಲಿ ಅವರು ಹೇಳುವ ಭವಿಷ್ಯಕ್ಕೆ ನಲ್ಲಿಯ ಬಳಿ ಬಹಳ ಬೆಲೆಯಿತ್ತು. ಕನ್ನಡದ ಕಥೆ ತನ್ನದೇ ದಾರಿ ಹಿಡಿದು ಕಾಡುಮೇಡು, ಹುಲಿ, ಪ್ರಪಾತಗಳ ಕಡೆ ತಿರುಗಿದ ಮೇಲೆ ಭವಿಷ್ಯ ಸುಳ್ಳಾಯಿತು. ಗೌರಿ ಎಲ್ಲದರಿಂದಲೂ ಬದುಕಿ ಬಂದಳು. ಹುಡುಗರು ಮೊಬೈಲಿನಲ್ಲಿ ಹಾಸ್ಯದ ಚಿತ್ರಗಳನ್ನು ಹರಿಯಬಿಟ್ಟರು.

ಹಾಸ್ಯ ಸಹಜವೇ. ಆದರೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರಾಗಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಒಮ್ಮೆ ಹೇಳಿದ್ದನ್ನು ಇಲ್ಲಿ ಹೇಳಲೇಬೇಕು. ಅವಳ ಲೈನಿನ ಹೆಲ್ಪರ್ ಒಬ್ಬಾಕೆ, ಧಾರಾವಾಹಿಯ ಸೊಸೆ ತವರಿಗೆ ಹಣ ಕಳಿಸುವ ಸಂಗತಿಯನ್ನು ಗಂಡನಿಗೆ ಹೇಳಬೇಕೆ ಬೇಡವೆ ಎಂದು ವಾರವಿಡೀ ಎಲ್ಲರನ್ನೂ ಕೇಳಿದಳಂತೆ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ವಾದಿಸಿದರು. ಯಾವ ಧಾರಾವಾಹಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಂಥ ಧಾರಾವಾಹಿ ಆಗ ಯಾವ ವಾಹಿನಿಯಲ್ಲಿಯೂ ಬರುತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಸಂಬಳದ ದಿನ ಸಂಜೆ ಗಂಡ ಗೇಟಿನ ಬಳಿ ಬಂದು ನಿಲ್ಲುವ ಹೆಣ್ಣುಮಕ್ಕಳಿಗೆ, ಹೆಸರು ಹೇಳದೆ ತಮ್ಮ ಮನೆಯ ಮಾತನ್ನು ನಾಲ್ಕು ಜನರ ಮುಂದಿಡಲು ಇದಕ್ಕಿಂತ ಸುರಕ್ಷಿತವಾದ ಜಾಗ ಯಾವುದಿತ್ತು?

2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂದು, ಕಾರ್ಖಾನೆಗಳೊಡನೆ ಧಾರಾವಾಹಿಗಳ ಚಿತ್ರೀಕರಣವೂ ನಿಂತಿತು. 2018ರಿಂದ ಬರುತ್ತಿದ್ದ ಸೀತಾರಾಂ ಅವರ 'ಮಗಳು ಜಾನಕಿ' ಆ ದಿನಗಳಲ್ಲಿಯೇ ನಿಂತುಹೋಯಿತು. ಜಾನಕಿಯ ಹೆತ್ತ ತಂದೆ ವಕೀಲ ಸಿಎಸ್‌ಪಿ ಎಂಬುದು ನೋಡುಗರ ಮಟ್ಟಿಗೆ ಗುಟ್ಟೇ ಆಗಿರಲಿಲ್ಲ. ಆದರೂ ಕಥೆ ಅರ್ಧಕ್ಕೆ ನಿಂತದ್ದಕ್ಕೆ ಜನ ಬಂಧುಗಳನ್ನು ಕಳೆದುಕೊಂಡವರಂತೆ ಮಿಡುಕಿದರು. ಅದೇ ಮೇ ತಿಂಗಳಲ್ಲಿ ಹಿಂದಿಯ 'ಮಹಾಭಾರತ' ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣ ವಾಹಿನಿಯಲ್ಲಿ ಬಂದಿತು. ಡಬ್ಬಿಂಗಿಗೆ ದಶಕಗಳಿಂದ ಇದ್ದ ವಿರೋಧವನ್ನೂ ಬದಿಗಿಟ್ಟು ನಾಡು ಅದನ್ನು ನೋಡಿತು. ಕರ್ಣನ ಗುಟ್ಟು ಮತ್ತೊಮ್ಮೆ ರಟ್ಟಾಯಿತು.

ಈಗ ಕಾಲ ಬೇರೆ. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಪಾಳಿಗೆ ಹೋಗುವವರು ಕ್ಯಾಬಿನಲ್ಲಿ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ತಪ್ಪಿದ ಕಂತನ್ನು ಮೊಬೈಲಿನಲ್ಲಿ ತಾವೇ ನೋಡಿಕೊಳ್ಳುತ್ತಾರೆ. ಹಣ ಕೊಟ್ಟವರಿಗೆ ಟಿವಿಗಿಂತ ಮೊದಲೇ ಕಂತನ್ನು ತೋರಿಸುವ ಏರ್ಪಾಡನ್ನೂ ಆ್ಯಪುಗಳು ಮಾಡಿದವು. ಅನುಕೂಲ ನಿಜ. ಆದರೆ ಒಬ್ಬರಿಗೊಬ್ಬರು ಕಥೆ ಹೇಳುವ ಅಗತ್ಯ ಇಲ್ಲವಾಯಿತು. ಹೇಳಹೊರಟರೆ "ಹೇಳಬೇಡಿ, ನಾನಿನ್ನೂ ನೋಡಿಲ್ಲ" ಎಂದು ಕೈ ಅಡ್ಡ ಹಿಡಿಯುತ್ತಾರೆ. ಮೊದಲು ಉಪಕಾರವಾಗಿದ್ದದ್ದು ಈಗ ಅಪರಾಧ. ತಾನೇ ನೋಡಿಕೊಂಡ ಕಥೆಯ ನೆಪದಲ್ಲಿ ಯಾರೂ ಯಾರನ್ನೂ ಸಲಹೆ ಕೇಳುವಂತಿಲ್ಲ.

2022ರಲ್ಲಿ 'ಮತ್ತೆ ಮಾಯಾಮೃಗ' ಬಂದಿತು. ಹಳೆಯ ಪಾತ್ರಗಳಿಗೂ ವಯಸ್ಸಾಗಿತ್ತು. ಈಗ ಪೀಣ್ಯ ಬಿಟ್ಟು ನೆಲಮಂಗಲದ ಕಡೆ ಮನೆ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಗ ಫೋನು ಮಾಡಿದ್ದಳು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ಪಕ್ಕದಲ್ಲಿ ಬಂದು ಕುಳಿತು, ಇವರು ಯಾರು, ಅವರಿಗೆ ಏನಾಗಬೇಕು ಎಂದು ಕೇಳಿದಳಂತೆ. "ಇಪ್ಪತ್ತನಾಲ್ಕು ವರ್ಷದ ಹಿಂದಿನ ಕಥೆ ಸಾರ್, ಎರಡು ದಿನ ಹಿಡಿಯಿತು ಹೇಳಿ ಮುಗಿಸೋಕೆ" ಎಂದಳು.